ಕ್ವಾರ್ಟರ್‌ಬ್ಯಾಕ್‌ಗಳ ಶ್ರೇಯಾಂಕಕ್ಕೆ ಯಾವ ಅಳತೆಗೋಲು? ಪ್ರೌಢ ಇಂಗ್ಲಿಷ್ ತರಗತಿಗಾಗಿ ಒಂದು ಪ್ರಶ್ನೆ

ಪ್ರಶ್ನೆ: ಇಂಗ್ಲಿಷ್ ಉಪನ್ಯಾಸಕಿ, ವಿರಾಜಪೇಟೆ

ಪದವಿಯ ಅಂತಿಮ ವರ್ಷದವರಿಗೆ ನಾನು ನಡೆಸುವ ಪ್ರೌಢ ಇಂಗ್ಲಿಷ್ ತರಗತಿಯಲ್ಲಿ ವಾದ ಮಂಡನೆಯ ಅಭ್ಯಾಸಕ್ಕೆ ಒಂದು ವಿಷಯ ಬೇಕಾಗಿತ್ತು. ಹಾಕಿಯನ್ನೇ ಆರಿಸಿಕೊಳ್ಳಬಹುದಿತ್ತು. ಆದರೆ ಅತ್ಯುತ್ತಮ ಹಾಕಿ ಆಟಗಾರ ಯಾರೆಂದು ಕೊಡಗಿನಲ್ಲಿ ಕೇಳಿದರೆ ಪ್ರತಿಯೊಬ್ಬರೂ ತಮ್ಮ ಒಕ್ಕದ (ಕೊಡವ ಮನೆತನದ) ಅಥವಾ ತಮ್ಮ ಊರಿನ ಹೆಸರನ್ನು ಮುಂದಿಡುತ್ತಾರೆ, ಪುರಾವೆಯ ಮಾತು ಅಲ್ಲಿಗೇ ನಿಂತುಬಿಡುತ್ತದೆ. ಹಾಗಾಗಿ ಇಲ್ಲಿ ಯಾರಿಗೂ ಅಭಿಮಾನದ ಹಂಗಿಲ್ಲದ ಅಮೆರಿಕನ್ ಫುಟ್‌ಬಾಲ್ ಅನ್ನು ತೆಗೆದುಕೊಂಡು, ಜಾನಿ ಯುನೈಟಸ್, ಜೋ ಮೊಂಟಾನಾ, ಡ್ಯಾನ್ ಮರೀನೊ, ಪೇಟನ್ ಮ್ಯಾನಿಂಗ್, ಟಾಮ್ ಬ್ರೇಡಿ ಈ ಐವರು ಕ್ವಾರ್ಟರ್‌ಬ್ಯಾಕ್‌ಗಳನ್ನು (ತಂಡದ ದಾಳಿಯನ್ನು ಮುನ್ನಡೆಸಿ ಚೆಂಡು ಎಸೆಯುವ ಆಟಗಾರರನ್ನು) ಕ್ರಮವಾಗಿ ಜೋಡಿಸಿ ಕಾರಣ ಬರೆಯುವಂತೆ ಹೇಳಿದೆ. ಬಹುತೇಕ ಎಲ್ಲರೂ ಬ್ರೇಡಿ ಏಳು ಸೂಪರ್ ಬೌಲ್ (ಪ್ರತಿ ಋತುವಿನ ಫೈನಲ್ ಪಂದ್ಯ) ಗೆದ್ದಿರುವುದರಿಂದ ಅವರೇ ಮೊದಲಿಗರು ಎಂದು ಒಂದೇ ವಾಕ್ಯದಲ್ಲಿ ಮುಗಿಸಿಬಿಟ್ಟರು. ಪ್ರಶಸ್ತಿಗಳ ಎಣಿಕೆಯನ್ನು ಬಿಟ್ಟು ಬೇರೆ ಯಾವ ಮಾನದಂಡಗಳನ್ನು ಅವರ ಮುಂದಿಡಬಹುದು? ಅದರ ಜೊತೆಗೆ ಯಾವ ವಾಕ್ಯರಚನೆಗಳನ್ನು ಕಲಿಸಬಹುದು? ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ: ಕಾಫಿ ಬೆಳೆಗಾರ, ಸುಂಟಿಕೊಪ್ಪ

ಮೇಡಂ, ಸೂಪರ್ ಬೌಲ್ ನಮ್ಮಲ್ಲಿ ಸೋಮವಾರ ಬೆಳಗಿನ ಜಾವ ಪ್ರಸಾರವಾಗುತ್ತದೆ. ತೋಟಕ್ಕೆ ಇಳಿಯುವ ಮೊದಲು ಅದನ್ನು ನೋಡುವ ಅಭ್ಯಾಸ ನನಗಿರುವುದರಿಂದ ಬರೆಯುತ್ತಿದ್ದೇನೆ. ಎದುರಾಳಿ ತಂಡದ ಕೈಯಲ್ಲಿ ಚೆಂಡಿರುವಾಗ ಕ್ವಾರ್ಟರ್‌ಬ್ಯಾಕ್ ಮೈದಾನದಲ್ಲೇ ಇರುವುದಿಲ್ಲ ಎಂಬುದನ್ನು ವಿದ್ಯಾರ್ಥಿಗಳಿಗೆ ಮೊದಲು ಹೇಳಿ. ಗೆಲುವನ್ನೆಲ್ಲ ಅವರೊಬ್ಬರ ಲೆಕ್ಕಕ್ಕೆ ಬರೆಯುವುದು ಎಷ್ಟು ಸರಿ ಎಂಬ ಸಂದೇಹ ಆಗ ತಾನಾಗಿಯೇ ಹುಟ್ಟುತ್ತದೆ. 2000ದ ಋತುವಿನ ಪ್ರಶಸ್ತಿಯನ್ನು ಬಾಲ್ಟಿಮೋರ್ ರೇವನ್ಸ್ ತಂಡ ಮುಖ್ಯವಾಗಿ ತನ್ನ ರಕ್ಷಣಾ ಪಡೆಯ ಬಲದಿಂದ ಗೆದ್ದಿತು, ಅದರ ಕ್ವಾರ್ಟರ್‌ಬ್ಯಾಕ್ ಟ್ರೆಂಟ್ ಡಿಲ್ಫರ್ ಅವರನ್ನು ಶ್ರೇಷ್ಠರ ಸಾಲಿನಲ್ಲಿ ಯಾರೂ ನಿಲ್ಲಿಸುವುದಿಲ್ಲ. ಮರೀನೊ 1984ರಲ್ಲಿ ಪಾಸ್‌ಗಳಿಂದ 5,084 ಗಜಗಳ ಮುನ್ನಡೆಯನ್ನೂ 48 ಟಚ್‌ಡೌನ್ ಪಾಸ್‌ಗಳನ್ನೂ (ಎದುರಾಳಿಯ ಕೊನೆಯ ವಲಯದಲ್ಲಿ ಅಂಕ ತಂದ ಎಸೆತಗಳನ್ನೂ) ಗಳಿಸಿದರೂ ಒಂದು ಸೂಪರ್ ಬೌಲನ್ನೂ ಗೆಲ್ಲಲಿಲ್ಲ.

ಎರಡನೆಯ ಅಳತೆ ಪಾಸರ್ ರೇಟಿಂಗ್, ಅಂದರೆ ಎಸೆತಗಾರನಿಗೆ ಕೊಡುವ ಅಂಕ. ಪ್ರತಿ ಎಸೆತಕ್ಕೆ ಲೆಕ್ಕ ಹಾಕಿದ ನಾಲ್ಕು ಸಂಗತಿಗಳಿಂದ, ಅಂದರೆ ಗುರಿ ಮುಟ್ಟಿದ ಪಾಸ್, ಗಜ, ಟಚ್‌ಡೌನ್ ಹಾಗೂ ಇಂಟರ್‌ಸೆಪ್ಷನ್‌ಗಳಿಂದ (ಎದುರಾಳಿ ಹಿಡಿದುಕೊಂಡ ಪಾಸ್‌ಗಳಿಂದ) ಅದು ಸಿದ್ಧವಾಗುತ್ತದೆ. ಅದರ ಗರಿಷ್ಠ ಅಂಕ 158.3. ಆದರೆ ಓಡಿ ಗಳಿಸಿದ ಗಜಗಳು ಅದರೊಳಗೆ ಬರುವುದೇ ಇಲ್ಲ. 2019ರಲ್ಲಿ ಓಟದಿಂದಲೇ 1,206 ಗಜ ಗಳಿಸಿದ ಕ್ವಾರ್ಟರ್‌ಬ್ಯಾಕ್ ಲಮಾರ್ ಜಾಕ್ಸನ್ ಅಂತಹವರ ಅರ್ಧ ಆಟ ಈ ಸೂತ್ರಕ್ಕೆ ಕಾಣಿಸುವುದಿಲ್ಲ.

ನನ್ನನ್ನು ಕೇಳಿದರೆ ಮೊಂಟಾನಾ ಮೊದಲು. ನಾಲ್ಕು ಸೂಪರ್ ಬೌಲ್‌ಗಳಲ್ಲಿ ನಾಲ್ಕನ್ನೂ ಗೆದ್ದು, ಅವುಗಳಲ್ಲಿ ಒಂದೇ ಒಂದು ಇಂಟರ್‌ಸೆಪ್ಷನ್ ಕೊಡದವರು ಅವರು. ಬ್ರೇಡಿ ಏಳು ಗೆದ್ದರೂ ಮೂರರಲ್ಲಿ ಸೋತಿದ್ದಾರೆ.

ಉತ್ತರ: ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ಪೊನ್ನಂಪೇಟೆ

ಬೆಳೆಗಾರರ ಕೊನೆಯ ಮಾತನ್ನು ನಾನು ಒಪ್ಪುವುದಿಲ್ಲ. ಫೈನಲ್‌ವರೆಗೆ ಬಂದು ಸೋತವರಿಗಿಂತ ಅದಕ್ಕೂ ಮೊದಲೇ ಸೋತು ಮನೆಗೆ ಹೋದವರು ಮೇಲೆಂದು ಹೇಳಿದಂತಾಗುತ್ತದೆ. ಅದಿರಲಿ, ಇಬ್ಬರೂ ಕಾಲಮಾನವನ್ನು ಬಿಟ್ಟಿದ್ದೀರಿ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಕೃತಕ ಹಾಸು ಬಂದ ಮೇಲೆ ಹುಲ್ಲಿನ ಮೇಲೆ ಆಡಿದವರನ್ನೂ ಹಾಸಿನ ಮೇಲೆ ಆಡಿದವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಎಷ್ಟು ಕಷ್ಟವೆಂದು ಹಾಕಿ ಬಲ್ಲ ಕೊಡಗಿನವರಿಗೆ ವಿವರಿಸಬೇಕಾಗಿಲ್ಲ. ಈ ಆಟದಲ್ಲಿ ಅಂತಹ ತಿರುವು 1978. ಚೆಂಡು ಹಿಡಿಯಲು ಓಡುವವನನ್ನು ಐದು ಗಜಗಳ ಆಚೆ ತಡೆದು ತಳ್ಳುವಂತಿಲ್ಲ ಎಂಬ ನಿಯಮ ಆ ವರ್ಷ ಬಂದಿತು, ಅದೇ ವರ್ಷ ಋತುವಿನ ಪಂದ್ಯಗಳು 14ರಿಂದ 16ಕ್ಕೆ ಏರಿದವು. 2021ರಿಂದ ಅವು 17. ಯುನೈಟಸ್ 1959ರಲ್ಲಿ ಕೇವಲ 12 ಪಂದ್ಯಗಳಲ್ಲಿ 32 ಟಚ್‌ಡೌನ್ ಪಾಸ್ ಎಸೆದದ್ದು ಈ ನಿಯಮದ ನೆರವಿಲ್ಲದೆ. ಮ್ಯಾನಿಂಗ್ 2013ರಲ್ಲಿ 16 ಪಂದ್ಯಗಳಿಂದ 55 ಎಸೆದರು. ಆಯಾ ಆಟಗಾರರು ತಮ್ಮ ಸಮಕಾಲೀನರಿಗಿಂತ ಎಷ್ಟು ಮುಂದಿದ್ದರು ಎಂಬುದನ್ನು ನೋಡಿದರೆ ಮಾತ್ರ ಈ ಹೋಲಿಕೆ ನ್ಯಾಯವಾದೀತು. ಆ ಲೆಕ್ಕದಲ್ಲಿ ಯುನೈಟಸ್ ಅವರನ್ನು ನಾನು ಮೊದಲ ಎರಡರೊಳಗೇ ಇಡುತ್ತೇನೆ.

ಉತ್ತರ: ಇಂಗ್ಲಿಷ್ ತರಬೇತುದಾರ, ಕುಶಾಲನಗರ

ವ್ಯಾಕರಣದ ಕಡೆಗೆ ಬರುತ್ತೇನೆ. ಮೇಲಿನ ಇಬ್ಬರು ಹಿರಿಯರ ಜಗಳವೇ ನಿಮಗೆ ಸಿದ್ಧ ಪಾಠವಾಗಿದೆ. ಎದುರಾಳಿಯ ಬಲವಾದ ಅಂಶವನ್ನು ಅಧೀನ ವಾಕ್ಯದಲ್ಲಿ ಒಪ್ಪಿಕೊಂಡು, ತಮ್ಮ ನಿಲುವನ್ನು ಪ್ರಧಾನ ವಾಕ್ಯದಲ್ಲಿ ಹೇಳುವುದನ್ನು 'ಆಲ್ದೋ' ಬಳಸಿ ಅಭ್ಯಾಸ ಮಾಡಿಸಿ. ಮರೀನೊ ಥರ್ಡ್ ಕಂಡಿಷನಲ್‌ಗೆ (ಹಿಂದೆ ನಡೆಯದೇ ಹೋದದ್ದನ್ನು ಊಹಿಸುವ ವಾಕ್ಯರೂಪಕ್ಕೆ) ಹೇಳಿ ಮಾಡಿಸಿದ ಉದಾಹರಣೆ: ಅವರಿಗೆ ಇನ್ನೂ ಬಲವಾದ ರಕ್ಷಣಾ ಪಡೆ ಇದ್ದಿದ್ದರೆ 1985ರ ಜನವರಿಯ ಆ ಫೈನಲ್‌ನಲ್ಲಿ ಮೊಂಟಾನಾ ತಂಡದ ಎದುರು 38–16ರಿಂದ ಸೋಲುತ್ತಿದ್ದರೇ? ಈ ರೂಪದಲ್ಲಿ ನಮ್ಮ ವಿದ್ಯಾರ್ಥಿಗಳು ಎರಡೂ ಭಾಗಗಳಲ್ಲಿ 'ವುಡ್ ಹ್ಯಾವ್' ಹಾಕುತ್ತಾರೆ, ಅದನ್ನು ಅಲ್ಲಿಯೇ ತಿದ್ದಬಹುದು. ಶ್ರೇಯಾಂಕ ಕೊಡುವ ಮೊದಲು ತಮ್ಮ ಮಾನದಂಡವನ್ನು ಒಂದು ವಾಕ್ಯದಲ್ಲಿ ಘೋಷಿಸಲೇಬೇಕೆಂಬ ಷರತ್ತನ್ನೂ ಹಾಕಿ. ಆ ವಾಕ್ಯವಿಲ್ಲದ ಪ್ರಬಂಧಕ್ಕೆ ನಾನಾದರೆ ಅಂಕ ಕೊಡುವುದಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಮಾನದಂಡದ ವಾಕ್ಯವನ್ನು ಮುಂದಿನ ವಾರದಿಂದಲೇ ಕಡ್ಡಾಯ ಮಾಡುತ್ತೇನೆ. ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಅವರನ್ನೂ ಪಟ್ಟಿಗೆ ಸೇರಿಸಬೇಕೆಂದು ಕೆಲವು ವಿದ್ಯಾರ್ಥಿಗಳು ಕೇಳುತ್ತಿದ್ದಾರೆ. ಸೇರಿಸಲೇ?

ಉತ್ತರ: ಇಂಗ್ಲಿಷ್ ತರಬೇತುದಾರ, ಕುಶಾಲನಗರ

ಖಂಡಿತ ಸೇರಿಸಿ. ನಿವೃತ್ತರಾದ ಐವರ ಸಾಧನೆಯನ್ನು ಸಿಂಪಲ್ ಪಾಸ್ಟ್‌ನಲ್ಲಿ ಬರೆಯಬೇಕು, ವೃತ್ತಿಜೀವನ ಇನ್ನೂ ಮುಗಿಯದ ಮಹೋಮ್ಸ್ ಅವರ ಮೂರು ಪ್ರಶಸ್ತಿಗಳನ್ನು ಪ್ರೆಸೆಂಟ್ ಪರ್ಫೆಕ್ಟ್‌ನಲ್ಲಿ ಬರೆಯಬೇಕು. ಗೆದ್ದ ವರ್ಷವನ್ನು ಹೆಸರಿಸಿದ ಕೂಡಲೇ ಅವರಿಗೂ ಸಿಂಪಲ್ ಪಾಸ್ಟ್ ಬೇಕಾಗುತ್ತದೆ. ಎಡವುವುದು ಅಲ್ಲಿಯೇ ಆದ್ದರಿಂದ ವರ್ಷವಿರುವ ಒಂದು ವಾಕ್ಯವನ್ನೂ ವರ್ಷವಿಲ್ಲದ ಒಂದು ವಾಕ್ಯವನ್ನೂ ತಪ್ಪದೆ ಬರೆಸಿ.