ದವಸ ಒಣಗಿಸುವ ‘ಕಿಲ್ನ್’: ಗೂಡೋ, ಆವಿಗೆಯೋ, ಭಟ್ಟಿಯೋ?

ಐರ್ಲೆಂಡಿನ ಒಂದು ಉತ್ಖನನ ವರದಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎರಡನೇ ಪುಟದಲ್ಲೇ ‘ಕಾರ್ನ್ ಡ್ರೈಯಿಂಗ್ ಕಿಲ್ನ್’ ಎದುರಾಗಿ ಗಾಡಿ ನಿಂತಿದೆ.

‘ಕಾರ್ನ್’ ಅಂದಕೂಡಲೇ ಸುಮ್ನೆ ‘ಮುಸುಕಿನ ಜೋಳ’ ಅಂತ ಬರೆದುಬಿಟ್ಟಿದ್ದೆ. ಆಮೇಲೆ ನಾಲಿಗೆ ಕಚ್ಚಿಕೊಂಡೆ. ಈ ಗೂಡು ಕ್ರಿ.ಶ. 6ನೇ ಶತಮಾನದ್ದು, ಮುಸುಕಿನ ಜೋಳ ಯುರೋಪಿಗೆ ಬಂದದ್ದು 1492ರ ನಂತರ! ಅಲ್ಲಿನ ಬಳಕೆಯಲ್ಲಿ ‘ಕಾರ್ನ್’ ಅಂದರೆ ಬಾರ್ಲಿ, ಓಟ್ಸ್, ಗೋಧಿ ಯಾವುದೂ ಆಗಬಹುದು. ‘ಕಾಳು’ ಅಂದರೆ ನಮಗೆ ಹೆಸರುಕಾಳು, ಅಲಸಂದೆಯೇ ಮೊದಲು ನೆನಪಾಗುತ್ತೆ. ಹಾಗಾಗಿ ‘ದವಸ’ ಅಂತ ಇಟ್ಟುಕೊಂಡಿದ್ದೇನೆ, ಇದರ ಬಗ್ಗೆ ಅನುಮಾನವಿಲ್ಲ.

ತೊಡಕಿರುವುದು ‘ಕಿಲ್ನ್’ನಲ್ಲಿ. ವಸ್ತು ಹೇಗಿದೆ ಅಂದರೆ, ನೆಲದಲ್ಲಿ ಎರಡು ಗುಂಡಿ, ನಡುವೆ ಇಕ್ಕಟ್ಟಾದ ಓಣಿ. ಒಂದು ಗುಂಡಿಯಲ್ಲಿ ಬೆಂಕಿ ಹಾಕುತ್ತಾರೆ, ಬಿಸಿಗಾಳಿ ಓಣಿಯಲ್ಲಿ ಹಾದು ಇನ್ನೊಂದಕ್ಕೆ ಹೋಗುತ್ತೆ, ಅದರ ಬಾಯಿಗೆ ಕಡ್ಡಿಗಳ ತಟ್ಟಿ, ಮೇಲೆ ಹುಲ್ಲು, ಹುಲ್ಲಿನ ಮೇಲೆ ದವಸ ಹರಡಿರುತ್ತಾರೆ. ಹಸಿ ದವಸ ಕೂಡಿಟ್ಟರೆ ಮುಗ್ಗುತ್ತೆ, ಬೀಸಲಿಕ್ಕೂ ಆಗಲ್ಲ, ಮಳೆ ಜಾಸ್ತಿಯಿರುವ ನಾಡಿನಲ್ಲಿ ಬಿಸಿಲು ನಂಬಿ ಕೂರುವಂತಿಲ್ಲ ಅಲ್ವಾ. ಒಮ್ಮೊಮ್ಮೆ ತಟ್ಟಿಗೇ ಬೆಂಕಿ ಹತ್ತಿ ಎಲ್ಲವೂ ಗುಂಡಿಗೆ ಕುಸಿಯುತ್ತಿತ್ತು. ಅಗೆಯುವವರಿಗೆ ಆ ಕರಿಕಲಾದ ಕಾಳೇ ಚಿನ್ನ. ಯಾವ ಬೆಳೆ ಅಂತ ಅದರಿಂದಲೇ ಗೊತ್ತಾಗುತ್ತೆ, ಕಾಲ ತಿಳಿಯಲು ಮಾಡುವ ಕಾರ್ಬನ್-14 ಪರೀಕ್ಷೆಗೂ ಹಳೇ ಮರದ ಇದ್ದಿಲಿಗಿಂತ ಒಂದೇ ವರ್ಷ ಬೆಳೆದ ಕಾಳು ಒಳ್ಳೇದು.

ಇದಕ್ಕೆ ‘ಆವಿಗೆ’ ಅನ್ನಲೇ? ಅದು ಮಡಕೆ ಸುಡುವ ಜಾಗ. ಇಲ್ಲಿ ಸುಟ್ಟರೆ ಕೆಲಸ ಕೆಟ್ಟ ಹಾಗೆ! ‘ಕುಲುಮೆ’ ಕಮ್ಮಾರರದ್ದು. ‘ಭಟ್ಟಿ’ ಅಂದರೆ ಸಾರಾಯಿ ಮೂಗಿಗೆ ಬಡಿಯುತ್ತೆ. ಹಾಗಂತ ಅದು ಪೂರ್ತಿ ಅಸಂಬದ್ಧವೂ ಅಲ್ಲ. ರೋಮನ್ ಕಾಲದ ಬ್ರಿಟನ್ನಿನ ಇಂಥದೇ ಒಲೆಗಳ ಮಾದರಿ ಕಟ್ಟಿ ಉರಿಸಿ ನೋಡಿದ ಪುರಾತತ್ವಜ್ಞ ಪೀಟರ್ ರೆನಾಲ್ಡ್ಸ್, ಅವು ದವಸ ಒಣಗಿಸಲು ಅಷ್ಟಕ್ಕಷ್ಟೇ, ಬಿಯರಿಗೆ ಬೇಕಾದ ಮೊಳಕೆ ಬಾರ್ಲಿ ಸಿದ್ಧಮಾಡಲು ಹೆಚ್ಚು ಸರಿ ಅಂದಿದ್ದರು.

ಉಳಿದದ್ದು ಗೂಡು. ಸುಣ್ಣದ ಗೂಡು, ಇಟ್ಟಿಗೆ ಗೂಡು ಇದ್ದೇ ಇವೆ. ಆದರೆ ‘ದವಸದ ಗೂಡು’ ಅಂದರೆ ಕಣಜದ ತಮ್ಮನಂತೆ ಕೇಳಿಸುತ್ತೆ. ‘ಒಣಗೂಡು’ ಅಂತ ಹೊಸೆದು ನೋಡಿದೆ, ಒಣಗಿದ ಹಕ್ಕಿಗೂಡು ಕಣ್ಣಿಗೆ ಬಂತು. ಸದ್ಯಕ್ಕೆ ಮೊದಲ ಸಲ ‘ದವಸ ಒಣಗಿಸುವ ಗೂಡು’ ಅಂತ ಪೂರ್ತಿ ಬರೆದು, ಆಮೇಲೆ ಬರೀ ‘ಗೂಡು’ ಅನ್ನುತ್ತಿದ್ದೇನೆ. ಐರಿಷಿನವರಿಗೆ ಈ ಪಾಡಿಲ್ಲ, ‘áith’ ಅನ್ನುವ ಒಂದೇ ಪುಟ್ಟ ಪದದಲ್ಲಿ ಮುಗಿಸುತ್ತಾರೆ.

ಇನ್ನೊಂದು, ನಡುವಿನ ಆ ಓಣಿ, ‘ಫ್ಲೂ’. ನಿಘಂಟು ‘ಹೊಗೆಕೊಳವೆ’ ಅನ್ನುತ್ತೆ. ಇಲ್ಲಿ ಅದು ಹೊಗೆ ಹೊರಹಾಕುವುದಕ್ಕಲ್ಲ, ಬಿಸಿ ಒಳತರುವುದಕ್ಕೆ, ಅದೂ ನೆಲಮಟ್ಟದಲ್ಲಿ ಅಡ್ಡಡ್ಡ. ‘ಬಿಸಿಗಂಡಿ’ ಅಂದರೆ ಓದುವವರಿಗೆ ತಿಳಿಯುತ್ತಾ? ಇದಕ್ಕಿಂತ ಒಳ್ಳೇದು ಯಾರಿಗಾದರೂ ಹೊಳೆದರೆ ಹೇಳಿ.