ಆಯಿಯ ಹೊಟ್ಟೆನೋವಿಗೆ ‘ಮನಸ್ಸಿನದ್ದು’ ಅಂದರು. ಹಾಗಂದರೆ ಸುಳ್ಳು ಅಂತಲಾ?

ತೋಟದಮನೆ (ಶಿರಸಿ):

ಎಲ್ಲರಿಗೂ ನಮಸ್ಕಾರ. ಕಳೆದ ಶನಿವಾರ ಸಂಜೆ ಶಿರಸಿಯಲ್ಲಿ ಒಬ್ಬ ಡಾಕ್ಟರು ಹೊಟ್ಟೆಗೂ ಮೆದುಳಿಗೂ ಇರುವ ಸಂಬಂಧದ ಬಗ್ಗೆ ಮಾತಾಡಿದರು. ಮಳೆ ಜೋರಿತ್ತು. ಮಾಡಿನ ಮೇಲಿನ ಸದ್ದಿಗೆ ಮೈಕೂ ಸರಿಯಾಗಿ ಕೇಳುತ್ತಿರಲಿಲ್ಲ, ಎದ್ದು ಎರಡನೇ ಸಾಲಿಗೆ ಹೋಗಿ ಕೂತೆ. ಮನೆಗೆ ಬಂದಾಗಿನಿಂದ ತಲೆಯಲ್ಲಿ ಅದೇ ಓಡುತ್ತಿದೆ.

ನನ್ನ ಆಯಿಗೆ (ಅಮ್ಮನಿಗೆ) ಈಗ 58. ಎಂಟು ವರ್ಷದಿಂದ ಹೊಟ್ಟೆಯ ತೊಂದರೆ. ಬೆಳಿಗ್ಗೆ ಚಹಾ ಕುಡಿದು ಹತ್ತು ನಿಮಿಷಕ್ಕೆ ಹೊಟ್ಟೆ ಮುರಿಯಲು ಶುರು. ಎಲ್ಲಿಗಾದರೂ ಹೊರಡುವ ದಿನವಂತೂ ಮೂರು ನಾಲ್ಕು ಸಲ ಟಾಯ್ಲೆಟ್ಟಿಗೆ ಓಡಬೇಕು. ಒಮ್ಮೆ ದೇವಿಮನೆ ಘಾಟಿಯಲ್ಲಿ ಕಂಡಕ್ಟರನ ಹತ್ತಿರ ಹೇಳಿ ಬಸ್ ನಿಲ್ಲಿಸಬೇಕಾಯಿತು. ಆಮೇಲೆ ಆಯಿ ಕುಮಟಾದ ತವರಿಗೇ ಹೋಗಿಲ್ಲ. ಮದುವೆ, ಉಪನಯನ ಏನೇ ಇರಲಿ, ‘ನೀವು ಹೋಗಿ ಬನ್ನಿ’. ತಂಬುಳಿಗೆ ಒಗ್ಗರಣೆ ಹಾಕುವಾಗ ಬಲಗೈಯಲ್ಲಿ ಸೌಟು, ಎಡಗೈ ಹೊಕ್ಕುಳ ಕೆಳಗೆ ಒತ್ತಿ ಹಿಡಿದಿರುತ್ತದೆ. ಆ ಜಾಗದಲ್ಲಿ ಸೀರೆ ಯಾವಾಗಲೂ ಮುದ್ದೆ.

ಸ್ಕ್ಯಾನಿಂಗ್, ಎಂಡೋಸ್ಕೋಪಿ, ಕೊಲೊನೋಸ್ಕೋಪಿ ಎಲ್ಲ ಆಗಿದೆ. ಎಲ್ಲ ನಾರ್ಮಲ್. ಎರಡು ವರ್ಷದ ಹಿಂದೆ ಒಬ್ಬ ಡಾಕ್ಟರು ‘ಏನೂ ಇಲ್ಲಮ್ಮ, ಇದು ಮನಸ್ಸಿನದ್ದು’ ಎಂದು ರಾತ್ರಿಗೆ ಒಂದು ಸಣ್ಣ ಮಾತ್ರೆ ಬರೆದುಕೊಟ್ಟರು. ಅಮಿಟ್ರಿಪ್ಟಿಲಿನ್, 10 ಮಿಲಿಗ್ರಾಂ. ನಾನು ಮೊಬೈಲಿನಲ್ಲಿ ಹುಡುಕಿದೆ. ಡಿಪ್ರೆಶನ್ ಮಾತ್ರೆ ಎಂದು ಬಂತು. ಯೋಚನೆ ಮಾಡದೆ ಹಾಗೇ ಆಯಿಗೆ ಹೇಳಿಬಿಟ್ಟೆ. ಆಯಿ ಮಾತಾಡಲಿಲ್ಲ. ಮರುದಿನ ಬಚ್ಚಲ ಒಲೆಯ ಬೂದಿ ತೆಗೆಯುವಾಗ ಆ ಮಾತ್ರೆಯ ಸ್ಟ್ರಿಪ್ ಸುಟ್ಟು ಸುರುಟಿ ಬಿದ್ದಿತ್ತು. ಅವತ್ತಿನಿಂದ ಆಯಿ ಹೊಟ್ಟೆನೋವಿನ ಮಾತನ್ನೇ ಎತ್ತುವುದಿಲ್ಲ. ನೋವು ಹೋಗಿದೆ ಅಂತಲ್ಲ. ನಾವು ನಂಬುವುದಿಲ್ಲ ಅಂತ.

ಶನಿವಾರ ಡಾಕ್ಟರು ಹೇಳಿದ್ದು ಇದು. ಅನ್ನನಾಳದಿಂದ ಕೆಳಗಿನ ತನಕ ಕರುಳಿನ ಗೋಡೆಯೊಳಗೇ 10 ಕೋಟಿಗೂ ಜಾಸ್ತಿ ನರಕೋಶಗಳಿವೆ. ಅಲ್ಲಿಂದ ಮೆದುಳಿಗೆ ವೇಗಸ್ ಎನ್ನುವ ದೊಡ್ಡ ನರ ಹೋಗುತ್ತದೆ. ಅದರ 10 ಎಳೆಗಳಲ್ಲಿ ಸುಮಾರು 8 ಸುದ್ದಿ ಒಯ್ಯುವುದು ಕೆಳಗಿನಿಂದ ಮೇಲಕ್ಕೆ. ನನಗೆ ಕೂಡಲೇ ಅಡಿಕೆ ಕೊನೆ ಕೊಯ್ಲು ನೆನಪಾಯಿತು. ಮರದ ಮೇಲಿಂದ ಕೊನೆ ಕೊಯ್ಯುವ ಕೊನೆಗೌಡ ಕೂಗುತ್ತಾನೆ, ಕೆಳಗೆ ಹಗ್ಗ ಹಿಡಿದವನು ಕೇಳುತ್ತಾನೆ. ಮೆದುಳು, ಹೊಟ್ಟೆಯೂ ಹಾಗೇ ಅಂದುಕೊಂಡಿದ್ದೆ. ಅಲ್ಲವಂತೆ. ಜಾಸ್ತಿ ಕೂಗುವುದು ಕೆಳಗಿನವನೇ. ಐಬಿಎಸ್ (ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ಹೊಟ್ಟೆನೋವು, ಭೇದಿ ಅಥವಾ ಮಲಬದ್ಧತೆ ಪದೇ ಪದೇ ಕಾಡುವ ಕರುಳಿನ ತೊಂದರೆ) ಇದ್ದ ಹಲವರಲ್ಲಿ ಕರುಳಿನ ನರಗಳು ತುಂಬಾ ಸೂಕ್ಷ್ಮವಾಗಿರುತ್ತವೆ. ಬೇರೆಯವರಿಗೆ ಗೊತ್ತೇ ಆಗದಷ್ಟು ಗ್ಯಾಸ್ ಇವರಿಗೆ ನೋವಾಗುತ್ತದೆ. ಸ್ಕ್ಯಾನಿಂಗ್‌ನಲ್ಲಿ ಗಡ್ಡೆ ಕಾಣುತ್ತದೆ, ನರ ಎಷ್ಟು ಜೋರಾಗಿ ಕೂಗುತ್ತಿದೆ ಅನ್ನುವುದು ಕಾಣುವುದಿಲ್ಲ ಅಲ್ವಾ?

ಆ ಮಾತ್ರೆ ಮತ್ತೆ ಶುರು ಮಾಡಬಹುದಾ? ಪ್ರೊಬಯಾಟಿಕ್ (ಒಳ್ಳೆಯ ಬ್ಯಾಕ್ಟೀರಿಯಾ ಇರುವ) ಕ್ಯಾಪ್ಸೂಲ್ ಬೇಕಾ, ಮನೆಯ ಮಜ್ಜಿಗೆ ಸಾಕಾ? ಎಲ್ಲಕ್ಕಿಂತ ಹೆಚ್ಚಾಗಿ, ಆಯಿಯ ಹತ್ತಿರ ಈಗ ಹೇಗೆ ಮಾತು ಶುರು ಮಾಡಲಿ?

ಬೇಲೆಕೇರಿ:

ದಿನಾ ಎರಡು ಬಾಳೆಹಣ್ಣು ಕೊಡಿ ಅಕ್ಕಾ. ಬಾಳೆಹಣ್ಣಿನಲ್ಲಿ ಸೆರೊಟೋನಿನ್ ಅನ್ನುವ, ನರಗಳಿಗೆ ಸುದ್ದಿ ಮುಟ್ಟಿಸುವ ರಾಸಾಯನಿಕ ಇದೆ. ಅದು ಮೆದುಳಿಗೆ ಹೋದರೆ ಮನಸ್ಸು ಹಗುರಾಗುತ್ತದೆ, ಹೊಟ್ಟೆಯೂ ಸರಿಹೋಗುತ್ತದೆ.

ಹಳೇ ಸಿಸ್ಟರ್ (ಕಾರವಾರ):

ತಮ್ಮಾ, ಬಾಳೆಹಣ್ಣು ತಿನ್ನಲಿ, ಒಳ್ಳೆಯದೇ. ಆದರೆ ಹಣ್ಣಿನ ಸೆರೊಟೋನಿನ್ ಮೆದುಳಿಗೆ ಹೋಗುವುದಿಲ್ಲ. ರಕ್ತದಿಂದ ಮೆದುಳಿಗೆ ದಾಟುವ ಕಡೆ ಒಂದು ತಡೆ ಇದೆ, ಅದು ಬಿಡುವುದಿಲ್ಲ. ನಮ್ಮ ಮೈಯ ಸೆರೊಟೋನಿನ್‌ನಲ್ಲಿ ಸುಮಾರು 90 ಶೇಕಡಾ ತಯಾರಾಗುವುದು ಕರುಳಿನಲ್ಲೇ. ಅಲ್ಲಿ ಅದರ ಕೆಲಸ ಬೇರೆ. ಕರುಳನ್ನು ಚಲಿಸುವಂತೆ ಮಾಡುವುದು, ಪಕ್ಕದ ನರದ ತುದಿಯನ್ನು ಎಬ್ಬಿಸುವುದು.

ತಂಗೀ, ನಾನು ಮೂವತ್ತು ವರ್ಷ ವಾರ್ಡಿನಲ್ಲಿ ಕೆಲಸ ಮಾಡಿದವಳು. ‘ಮನಸ್ಸಿನದ್ದು’ ಎಂಬ ಮಾತು ಕೇಳಿ ಮುಖ ಬಾಡಿಸಿಕೊಂಡು ಹೋದ ಎಷ್ಟೋ ಹೆಂಗಸರನ್ನು ನೋಡಿದ್ದೇನೆ. ನೋವು ನಿಜ. ಅದರಲ್ಲಿ ಎರಡು ಮಾತಿಲ್ಲ.

ಮಾತ್ರೆಯ ವಿಷಯ. ಡಿಪ್ರೆಶನ್ನಿಗೆ ಅದನ್ನು ಕೊಡುವುದು 75 ಮಿಲಿಗ್ರಾಂ, ಅದಕ್ಕಿಂತ ಜಾಸ್ತಿ. ನಿಮ್ಮ ಆಯಿಗೆ ಬರೆದದ್ದು 10. ಅಷ್ಟು ಸಣ್ಣ ಪ್ರಮಾಣ ಕೊಡುವುದು ನರದ ಕೂಗು ತಗ್ಗಿಸಲು. 2023ರಲ್ಲಿ ಇಂಗ್ಲೆಂಡಿನಲ್ಲಿ ಐಬಿಎಸ್ ಇರುವ 463 ಜನರ ಮೇಲೆ ಪರೀಕ್ಷೆ ಮಾಡಿದರು. 10ರಿಂದ 30 ಮಿಲಿಗ್ರಾಂ ತಗೊಂಡವರಿಗೆ ಆರು ತಿಂಗಳಲ್ಲಿ ಔಷಧವಿಲ್ಲದ ಹುಸಿ ಮಾತ್ರೆ ತಗೊಂಡವರಿಗಿಂತ ಹೆಚ್ಚು ಆರಾಮ ಸಿಕ್ಕಿತು. ಹಾಗಂತ ನೀವೇ ಅಂಗಡಿಯಿಂದ ತಂದು ಕೊಡಬೇಡಿ. ಹೃದಯದ ತೊಂದರೆ, ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡದ ಕಾಯಿಲೆ) ಇದ್ದರೆ ಅದು ಆಗುವುದಿಲ್ಲ. ಬಾಯಿ ಒಣಗುತ್ತದೆ, ನಿದ್ದೆ ತೂಗುತ್ತದೆ. ಡಾಕ್ಟರ ಹತ್ತಿರ ಕೂತು ಕೇಳಿ. ತೂಕ ಇಳಿದರೆ, ಮಲದಲ್ಲಿ ರಕ್ತ ಕಂಡರೆ, ರಾತ್ರಿ ನೋವಿಗೆ ಎಚ್ಚರವಾದರೆ, ಹಳೆಯ ರಿಪೋರ್ಟ್ ನಂಬಿ ಕೂರದೆ ಆಗಲೇ ತೋರಿಸಿ.

ಕ್ಯಾಪ್ಸೂಲಿಗೆ ದುಡ್ಡು ಹಾಕುವ ಮುಂಚೆ ಒಂದು ವಿಷಯ ತಿಳಿದಿರಲಿ. 2011ರಲ್ಲಿ ಇಲಿಗಳಿಗೆ ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾದ ಒಂದು ಜಾತಿಯನ್ನು ಕೊಟ್ಟಾಗ ಅವುಗಳ ಅಂಜಿಕೆ ಕಡಿಮೆಯಾಯಿತು. ವೇಗಸ್ ನರ ಕತ್ತರಿಸಿದ ಇಲಿಗಳಲ್ಲಿ ಆ ಗುಣ ಕಾಣಲಿಲ್ಲ. ದೊಡ್ಡ ಸುದ್ದಿಯೇ ಅದು. ಆದರೆ 2017ರಲ್ಲಿ ಅದನ್ನೇ ಆರೋಗ್ಯವಂತ ಗಂಡಸರಿಗೆ ಕೊಟ್ಟು ನೋಡಿದಾಗ ಏನೂ ವ್ಯತ್ಯಾಸ ಆಗಲಿಲ್ಲ. ಮಜ್ಜಿಗೆ ಆಯಿಗೆ ಒಗ್ಗುತ್ತದೆ ಅಂದರೆ ಕುಡಿಯಲಿ.

ಇನ್ನು ಮಾತು ಶುರು ಮಾಡುವುದು. ನರ್ಸಿಂಗ್ ಕಲಿಯುವಾಗ ನಮಗೆ ಒಂದು ಕತೆ ಹೇಳಿದ್ದರು. 1822ರಲ್ಲಿ ಅಮೆರಿಕದಲ್ಲಿ ಸೇಂಟ್ ಮಾರ್ಟಿನ್ ಎಂಬ ಕೂಲಿಯವನ ಹೊಟ್ಟೆಗೆ ಬಂದೂಕಿನ ಗುಂಡು ಬಿತ್ತು. ಬದುಕಿದ. ಆದರೆ ಹೊಟ್ಟೆಯ ತೂತು ಮುಚ್ಚಲೇ ಇಲ್ಲ. ಬ್ಯೂಮಾಂಟ್ ಎಂಬ ಡಾಕ್ಟರು ರೇಷ್ಮೆ ದಾರಕ್ಕೆ ಮಾಂಸದ ಚೂರು ಕಟ್ಟಿ ಆ ತೂತಿನಿಂದ ಇಳಿಬಿಟ್ಟು, ಗಂಟೆಗೊಮ್ಮೆ ಎಳೆದು ನೋಡುತ್ತಿದ್ದರು. ಅವನಿಗೆ ಸಿಟ್ಟು ಬಂದ ದಿನ ಹೊಟ್ಟೆ ಬೇರೆ ಥರವೇ ಕೆಲಸ ಮಾಡುತ್ತಿತ್ತು. ಕಣ್ಣಿಗೆ ಕಾಣುವ ಹಾಗೆ! ಇದನ್ನು ಆಯಿಗೆ ಹೇಳಿ. ಅದಕ್ಕೂ ಮುಂಚೆ ಅವತ್ತು ಮಾತ್ರೆಯ ಬಗ್ಗೆ ತಪ್ಪು ಹೇಳಿದೆ ಎಂದು ಹೇಳಿ.

ಕಾಳಿ ದಂಡೆ (ಸದಾಶಿವಗಡ):

ನಮ್ಮ ಬಾಬಾಗೆ ಪಾರ್ಕಿನ್ಸನ್. ಕೈ ನಡುಗುವ ಎಷ್ಟೋ ವರ್ಷ ಮುಂಚೆಯೇ ಮಲಬದ್ಧತೆ ಇತ್ತು. ವಯಸ್ಸಾಯಿತು ಎಂದು ನಾವು ಬಿಟ್ಟೆವು. ಕೆಲವರಲ್ಲಿ ಈ ಕಾಯಿಲೆ ಕರುಳಿನಲ್ಲೇ ಶುರುವಾಗಿ ವೇಗಸ್ ಹಿಡಿದು ಮೇಲೆ ಹೋಗುತ್ತದೆ ಎಂದು 2003ರಲ್ಲಿ ಬ್ರಾಕ್ ಎಂಬ ಜರ್ಮನ್ ವಿಜ್ಞಾನಿ ಹೇಳಿದ್ದರು. ಮಲಬದ್ಧತೆ ಇರುವವರಿಗೆಲ್ಲ ಅದು ಬರುವುದಿಲ್ಲ, ಹೆದರಬೇಡಿ. ನಿಮ್ಮ ಆಯಿಯ ವಿಷಯವೂ ಅದಲ್ಲ. ಮನೆಯವರು ಹೊಟ್ಟೆಯ ಮಾತು ಎತ್ತಿದಾಗ ಪೂರ್ತಿ ಕೇಳಿಸಿಕೊಳ್ಳಿ ಎನ್ನಬೇಕಿತ್ತು, ಅದಕ್ಕೇ ಬರೆದೆ.

ತೋಟದಮನೆ (ಶಿರಸಿ):

ಸಿಸ್ಟರ್, ನಿನ್ನೆ ರಾತ್ರಿ ಹೇಳಿದೆ. ಆಯಿ ಬಾಳೆಲೆ ಒರೆಸಿ ಸುರುಳಿ ಸುತ್ತುತ್ತಿದ್ದಳು. ಮೊದಲು ನನ್ನ ತಪ್ಪು ಹೇಳಿದೆ. ಆಮೇಲೆ ಕೊನೆಗೌಡನ ಹೋಲಿಕೆ, ರೇಷ್ಮೆ ದಾರದ ಕತೆ. ಕತೆ ಮುಗಿಯುವ ತನಕ ಕೈ ನಿಲ್ಲಿಸಿ ಕೂತಿದ್ದಳು. ‘ಹಂಗಾರೆ ಆನು ಸುಳ್ಳು ಹೇಳಿದ್ನಿಲ್ಲೆ ಹೇಳಿ ಆತು’ ಅಂದಳು. ನನಗೆ ಉತ್ತರ ಕೊಡಲು ಸ್ವರ ಬರಲಿಲ್ಲ, ಸುಮ್ನೆ ತಲೆಯಾಡಿಸಿದೆ.

ಗುರುವಾರ ಮಾತ್ರೆ ಬರೆದುಕೊಟ್ಟ ಅದೇ ಡಾಕ್ಟರ ಹತ್ತಿರ ಹೋಗುತ್ತೇವೆ. ಹತ್ತು ಗಂಟೆಯ ನಂತರದ ಹೊತ್ತು ಕೇಳಿದ್ದೇನೆ, ಬೆಳಗಿನ ನೋವು ಇಳಿದಿರುತ್ತದೆ. ಇವತ್ತು ಬೆಳಿಗ್ಗೆ ಚಹಾ ಆದ ಮೇಲೆ ಆಯಿ ತಾನಾಗಿಯೇ ಕರೆದು, ‘ಇಲ್ಲಿ ಶುರುವಾಗಿ ಹೀಗೆ ಬರ್ತು ನೋಡು’ ಎಂದು ಬೆರಳಿನಿಂದ ತೋರಿಸಿದಳು. ಎರಡು ವರ್ಷದಲ್ಲಿ ಮೊದಲ ಸಲ. ನಾನು ಹೊತ್ತು, ಜಾಗ ಎಲ್ಲ ಹಾಲಿನ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ.