ಕುದುರೆ ತೊಡೆ ನಡುಗ್ತಿದೆ, ಸೆಲೆನಿಯಂ ಟಾನಿಕ್ ಕೊಡಬಹುದಾ?

ಲಾಯದಮನೆ:
ನಮಸ್ಕಾರ ಎಲ್ರಿಗೂ. ರೇಸಿಂದ ರಿಟೈರ್ ಆದ ಹೆಣ್ಣು ಕುದುರೆ, 9 ವರ್ಷ, ಬೆಂಗಳೂರು ಹೊರಗಡೆ ಸಾಕ್ತಿದೀವಿ. ಮೇಯೋಕೆ ಬಯಲಿಲ್ಲ, ಬಂದಾಗಿಂದ ಲಾಯದಲ್ಲೇ, ಒಣಹುಲ್ಲು, ಓಟ್ಸ್, ಬೂಸಾ, ನೆನೆಸಿದ ಹುರುಳಿ ಅಷ್ಟೇ. ಈಗ ಚೆನ್ನಾಗಿ ತಿಂದ್ರೂ ಸೊರಗ್ತಾ ಇದೆ, ನಿಂತಾಗ ನಾಲ್ಕೂ ಕಾಲು ಹೊಟ್ಟೆ ಕೆಳಗೆ ಒತ್ತಟ್ಟಿಗೆ ತಂದ್ಕೊಂಡು ನಿಲ್ಲುತ್ತೆ, ತೊಡೆ ನಡುಗುತ್ತೆ, ಕಾಲು ಬದಲಾಯಿಸ್ತಾನೇ ಇರುತ್ತೆ, ಆದ್ರೆ ನಡೆಸಿದ್ರೆ ಅಷ್ಟು ಗೊತ್ತಾಗಲ್ಲ. ಒಬ್ರು ಕಾಪರ್ ಕಮ್ಮಿ ಅಂತಾರೆ, ಇನ್ನೊಬ್ರು ಸೆಲೆನಿಯಂ ಅನ್ನೋ ಖನಿಜದ ಟಾನಿಕ್ ಡಬಲ್ ಡೋಸ್ ಹಾಕಿ ಅಂತಾರೆ. ಏನ್ ಮಾಡ್ಲಿ?

ಹುರುಳಿಚೀಲ:
ಡಬಲ್ ಡೋಸ್ ಖಂಡಿತ ಬೇಡ!! 500 ಕೆಜಿ ಕುದುರೆಗೆ ದಿನಕ್ಕೆ ಬೇಕಾಗಿರೋ ಸೆಲೆನಿಯಂ ಬರೀ 1 ಮಿಲಿಗ್ರಾಂ. 2009ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ 21 ಪೋಲೋ ಕುದುರೆ ಒಂದೇ ಸಲಕ್ಕೆ ಸತ್ತಿದ್ದು ಇದ್ರಿಂದಾನೇ, ಮದ್ದು ಬೆರೆಸುವಾಗ ಸೆಲೆನಿಯಂ ಲೆಕ್ಕ ತಪ್ಪಿತ್ತು.

ದನದಡಾಕ್ಟ್ರು:
ನೋಡದೇ ಇದೇ ಕಾಯಿಲೆ ಅಂತ ಹೇಳೋಕಾಗಲ್ಲ, ಆದ್ರೆ ನಿಂತಾಗ ನಡುಕ, ನಡೆದಾಗ ವಾಸಿ, ಮೈ ಇಳಿಯೋದು, ಮೇಲಿಂದ ಹಸಿಮೇವೇ ಇಲ್ಲ ಅಂದ್ರೆ ನಂಗೆ ಮೊದಲು ಅನುಮಾನ ಬರೋದು ಮೋಟಾರ್ ನ್ಯೂರಾನ್ ಡಿಸೀಸ್ ಮೇಲೆ, ಅಂದ್ರೆ ಸ್ನಾಯು ಆಡಿಸೋ ನರಕೋಶಗಳೇ ಸಾಯೋ ಕಾಯಿಲೆ. ಕುದುರೆಗಳಲ್ಲಿ ಇದು 1990ರಲ್ಲಿ ಅಮೆರಿಕದಲ್ಲಿ ಮೊದಲು ವರದಿಯಾಗಿದ್ದು, ಅಲ್ಲೂ ಹುಲ್ಲುಗಾವಲಿಲ್ಲದೆ ಲಾಯದಲ್ಲೇ ಇದ್ದ ಕುದುರೆಗಳೇ ಜಾಸ್ತಿ. ಮೂಲ ಕಾರಣ ತುಂಬಾ ದಿನದ ವಿಟಮಿನ್ ಇ ಕೊರತೆ, ಹುಲ್ಲು ಒಣಗಿದ್ರೆ ಅದ್ರಲ್ಲಿರೋ ಇ ಬಹುಪಾಲು ಹೋಗ್ಬಿಡುತ್ತೆ. ಸೆಲೆನಿಯಂ, ಇ ಎರಡೂ ಒಟ್ಟಿಗೆ ಕೆಲಸ ಮಾಡ್ತವೆ ಅಂತ ಒಂದೇ ಬಾಟ್ಲಲ್ಲಿ ಮಾರ್ತಾರೆ, ಅದ್ರಲ್ಲೇ ಇ ಸಾಕಾಗೋಷ್ಟು ಕೊಡೋಕೆ ಹೋದ್ರೆ ಸೆಲೆನಿಯಂ ವಿಷ ಆಗುತ್ತೆ, ಇ ಬೇರೆಯಾಗೇ ಕೊಡಬೇಕು, ಸಿಂಥೆಟಿಕ್‌ಗಿಂತ ನ್ಯಾಚುರಲ್ ರೂಪದ್ದು ಚೆನ್ನಾಗಿ ಹಿಡಿಯುತ್ತೆ.

ಕಾಪರ್ ವಿಷ್ಯ ಬೇರೆ. ಕುರಿಮರಿಗೆ ಕಾಪರ್ ಕಮ್ಮಿಯಾದ್ರೆ ನೇರವಾಗಿ ನರಕ್ಕೇ ಹೊಡೆದು ಹಿಂಗಾಲು ಬೀಳುತ್ತೆ. ಕುದುರೆಯಲ್ಲಿ ಅದು ಬೆಳೆಯೋ ಮರಿಯ ಮೂಳೆ-ಕೀಲಿನ ಪ್ರಶ್ನೆ, ಜಿಂಕ್ ಅತಿಯಾದ್ರೆ ಇನ್ನೂ ಜಾಸ್ತಿ. 9 ವರ್ಷದ ಕುದುರೆಗೆ ಟೆಸ್ಟ್ ಮಾಡಿಸದೆ ಸುರಿಯೋದು ಬೇಡ.

ರಕ್ತದಲ್ಲಿ ವಿಟಮಿನ್ ಇ, ಸೆಲೆನಿಯಂ, ಸ್ನಾಯುವಿನ ಎನ್ಜೈಮ್ ಮೂರೂ ನೋಡಿಸಿ. ಸ್ಯಾಂಪಲ್‌ಗೆ ಬೆಳಕು ಬೀಳದಂಗೆ ಟ್ಯೂಬಿಗೆ ಫಾಯಿಲ್ ಸುತ್ತಿ ಐಸಲ್ಲಿ ಕಳಿಸಿ, ಇಲ್ಲಾಂದ್ರೆ ರಿಪೋರ್ಟ್ ಸುಳ್ಳು ಬರುತ್ತೆ. ಸರ್ರಾ ಟೆಸ್ಟೂ ಮರೀಬೇಡಿ, ನಮ್ಮ ಕಡೆ ನೊಣ ಕಚ್ಚಿ ಬರೋ ಆ ಕಾಯಿಲೆಯಲ್ಲೂ ಕುದುರೆ ಸೊರಗುತ್ತೆ, ಹಿಂಗಾಲು ಎಳೆಯುತ್ತೆ. ತಡ ಮಾಡ್ಬೇಡಿ, ಸತ್ತ ನರಕೋಶ ವಾಪಸ್ ಬರಲ್ಲ, ಉಳಿದಿದ್ದನ್ನ ಕಾಪಾಡೋದಷ್ಟೇ.

ಲಾಯದಮನೆ:
ತುಂಬಾ ಥ್ಯಾಂಕ್ಸ್ ಡಾಕ್ಟ್ರೇ. ಟಾನಿಕ್ ಕೊಡಲ್ಲ, ನಾಳೆ ಬೆಳಿಗ್ಗೆನೇ ನಮ್ಮ ವೆಟ್‌ನ ಕರೆಸಿ ಬ್ಲಡ್ ತೆಗೆಸ್ತೀನಿ. ಅಷ್ಟರೊಳಗೆ ಪಕ್ಕದ ತೋಟದ ಹಸಿ ಕುದುರೆಮೆಂತೆ (ಲೂಸರ್ನ್ ಮೇವು) ಹಾಕ್ಲಾ?

ದನದಡಾಕ್ಟ್ರು:
ಹಾಕಿ, ಆದ್ರೆ ಬ್ಲಡ್ ತೆಗೆದ ಮೇಲೆ, ಮೊದಲು ಎರಡು ಹಿಡಿ ಮಾತ್ರ, ಹತ್ತು ದಿನದಲ್ಲಿ ನಿಧಾನಕ್ಕೆ ಏರಿಸಿ. ಒಂದೇ ಸಲ ಹೊರೆ ಹಾಕಿದ್ರೆ ಹೊಟ್ಟೆನೋವು ಬರುತ್ತೆ.